ಎದುರು ಅಂಗಡಿಯವರು ಬರೆದುಕೊಳ್ಳಲಾಗದ ಸಾಲು

ಮೈಸೂರಿನ ಸಯ್ಯಾಜಿರಾವ್ ರಸ್ತೆಯಲ್ಲೋ ಮಂಡ್ಯದ ಆರ್.ಪಿ. ರಸ್ತೆಯಲ್ಲೋ ಬೋರ್ಡುಗಳನ್ನು ಓದುತ್ತಾ ನಡೆದರೆ ಅಂಗಡಿ ಹೆಸರಿನ ಕೆಳಗೆ ಅವೇ ಮೂರ್ನಾಲ್ಕು ಸಾಲುಗಳು ಸುತ್ತಿ ಸುತ್ತಿ ಬರುತ್ತವೆ. "ಗ್ರಾಹಕರ ಸಂತೃಪ್ತಿಯೇ ನಮ್ಮ ಗುರಿ." "ಗುಣಮಟ್ಟಕ್ಕೆ ಮತ್ತೊಂದು ಹೆಸರು." "ನಿಮ್ಮ ನಂಬಿಕೆಯೇ ನಮ್ಮ ಬಂಡವಾಳ." ಚಿನ್ನದಂಗಡಿಗೂ ಅದೇ, ಸಿಮೆಂಟ್ ಅಂಗಡಿಗೂ ಅದೇ. ವ್ಯಾಕರಣ ಸರಿಯಿದೆ, ಭಾವವೂ ಒಳ್ಳೆಯದೇ. ಆದರೆ ಇಂಥ ಸಾಲನ್ನು ನಾಳೆ ಅಳಿಸಿ ಹಾಕಿದರೂ ಗಲ್ಲಾಪೆಟ್ಟಿಗೆಯಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಆಗುವುದಿಲ್ಲ.

ಹೀಗೆ ಹೆಸರಿನ ಕೆಳಗೆ ಬರೆಯುವ ಸಾಲು, ಅಂದರೆ ಟ್ಯಾಗ್‌ಲೈನ್, ಸರಿಯಿದೆಯೇ ಎಂದು ನೋಡುವುದಕ್ಕೆ ಒಂದು ಸುಲಭದ ದಾರಿಯಿದೆ. ಅದೇ ಸರಕು ಮಾರುವ ಎದುರು ಅಂಗಡಿಯ ಬೋರ್ಡಿಗೆ ನಿಮ್ಮ ಸಾಲನ್ನು ಮನಸ್ಸಿನಲ್ಲೇ ಅಂಟಿಸಿ ನೋಡಿ. ಅಲ್ಲೂ ಸಲೀಸಾಗಿ ಕೂತರೆ ಅದು ನಿಮ್ಮ ಸಾಲಲ್ಲ. ಅಲ್ಲಿ ಅದು ಸುಳ್ಳಾಗಬೇಕು, ಇಲ್ಲವೇ ಅವರಿಗೆ ಬರೆದುಕೊಳ್ಳಲು ಧೈರ್ಯ ಬರಬಾರದು. ಉಳಿದ ಎಲ್ಲ ನಿಯಮಗಳೂ ಇದರ ಆಮೇಲೆ.

ಸಾಲು ಮಾಡಬೇಕಾದ ಕೆಲಸವೇನು ಎನ್ನುವುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಹೆಸರಿನಲ್ಲಿ ವ್ಯಾಪಾರ ಗೊತ್ತಾಗದಿದ್ದರೆ, ಅಂದರೆ ಬೋರ್ಡಿನಲ್ಲಿ ಮನೆದೇವರ ಹೆಸರೋ ಮಗಳ ಹೆಸರೋ ಮಾತ್ರ ಇದ್ದರೆ, ಸಾಲು ಮೊದಲು ಏನು ಮಾರುತ್ತೀರಿ ಎಂದು ಹೇಳಲಿ. ಅಲ್ಲಿ ಕವಿತ್ವ ಬೇಡ. "ಬ್ಲೌಸ್, ಫಾಲ್, ಜಿಗ್‌ಜ್ಯಾಗ್" ಎಂಬ ಮೂರು ಪದ ಯಾವ ಪ್ರಾಸಕ್ಕಿಂತಲೂ ಚೆನ್ನಾಗಿ ದುಡಿಯುತ್ತವೆ. ಹೆಸರೇ ಎಲ್ಲ ಹೇಳುತ್ತಿದ್ದರೆ ಸಾಲು ಇಲ್ಲಿಗೇ ಯಾಕೆ ಬರಬೇಕು ಎಂಬುದಕ್ಕೆ ಕಾರಣ ಕೊಡಬೇಕು. ಕೆಲವು ಹೆಸರುಗಳಿಗೆ ಸಾಲೇ ಬೇಡ. ಮೈಸೂರು ಸ್ಯಾಂಡಲ್ ಸೋಪಿನ ಹೆಸರಿನಲ್ಲೇ ಊರೂ ಇದೆ, ಗಂಧವೂ ಇದೆ, ಸರಕೂ ಇದೆ.

ಸರಕನ್ನು ಹೊಗಳದೆಯೂ ಕಾರಣ ಕೊಡಬಹುದು ಎನ್ನುವುದಕ್ಕೆ ಮೈಸೂರಿನದೇ ಉದಾಹರಣೆಯಿದೆ. 1948ರಲ್ಲಿ ಇಲ್ಲಿ ಶುರುವಾದ ಎನ್. ರಂಗರಾವ್ ಅಂಡ್ ಸನ್ಸ್ ಸಂಸ್ಥೆಯ ಸೈಕಲ್ ಅಗರಬತ್ತಿ, ಪ್ರಾರ್ಥನೆಗೆ ಎಲ್ಲರಿಗೂ ಒಂದು ಕಾರಣ ಇದ್ದೇ ಇರುತ್ತದೆ ಎಂಬ ಅರ್ಥದ ಇಂಗ್ಲಿಷ್ ಸಾಲನ್ನು ಬಳಸುತ್ತದೆ. ಅದರಲ್ಲಿ ಪರಿಮಳದ ಮಾತಿಲ್ಲ, ಎಷ್ಟು ಹೊತ್ತು ಉರಿಯುತ್ತದೆ ಎಂಬ ಲೆಕ್ಕವಿಲ್ಲ, ಯಾವ ದೇವರ ಹೆಸರೂ ಇಲ್ಲ. ಕೊಳ್ಳುವವರ ಮನಸ್ಸಿನಲ್ಲಿ ಆಗಲೇ ಇರುವ ಪರೀಕ್ಷೆ, ಮದುವೆ, ಆಸ್ಪತ್ರೆಯ ಚಿಂತೆಗಳನ್ನೆಲ್ಲ "ಕಾರಣ" ಎಂಬ ಒಂದೇ ಪದ ಮುಟ್ಟುತ್ತದೆ. "ಎಲ್ಲರಿಗೂ" ಎಂದದ್ದರಿಂದ ಗುಡಿ, ದರ್ಗಾ, ಚರ್ಚು ಎಲ್ಲ ಕಡೆಯ ಗಿರಾಕಿಯೂ ಒಳಗೆ ಬಂದರು. ದೊಡ್ಡ ಸಂಸ್ಥೆ ಇಷ್ಟು ವಿಶಾಲವಾಗಿ ಮಾತಾಡಬಹುದು, ಏಕೆಂದರೆ ಹೆಸರು ಮನೆಮನೆಗೆ ತಲುಪಿಯಾಗಿದೆ. ಒಂದೇ ಅಂಗಡಿ ಇರುವವರು ಇದನ್ನು ನಕಲು ಮಾಡಲು ಹೋದರೆ ಸಾಲು ಗಾಳಿಯಲ್ಲಿ ತೇಲುತ್ತದೆ. ಚಿಕ್ಕ ವ್ಯಾಪಾರಕ್ಕೆ ಸಣ್ಣ, ಗಟ್ಟಿ ಸಂಗತಿಯೇ ಬೇಕು.

ಸಾಲಿಗೆ ಸಾಮಗ್ರಿ ಎಲ್ಲಿಂದ

ಆ ಗಟ್ಟಿ ಸಂಗತಿ ಮಾಲೀಕರ ತಲೆಯಲ್ಲಿ ಇರುವುದು ಕಡಿಮೆ, ಗಿರಾಕಿಗಳ ಬಾಯಲ್ಲಿ ಇರುವುದು ಜಾಸ್ತಿ. ಕೌಂಟರ್ ಪಕ್ಕ ಒಂದು ಪುಸ್ತಕ ಇಟ್ಟು ಎರಡು ವಾರ ಅವರು ಆಡಿದ ಮಾತನ್ನು ಹಾಗೆ ಹಾಗೇ ಬರೆದುಕೊಳ್ಳಿ. "ಬೆಲೆ ಬಗ್ಗೆ ವಿಚಾರಿಸಿದರು" ಎಂದು ಬರೆದರೆ ಪ್ರಯೋಜನವಿಲ್ಲ, "ಇಷ್ಟ್ ಯಾಕಣ್ಣ?" ಎಂದೇ ಬರೆಯಬೇಕು. ಫೋನಿನಲ್ಲಿ ಮೊದಲು ಏನು ಕೇಳುತ್ತಾರೆ, ವಾಟ್ಸಾಪಿನಲ್ಲಿ ಏನು ಕಳಿಸುತ್ತಾರೆ, ಗೂಗಲ್ ರಿವ್ಯೂನಲ್ಲಿ ಕನ್ನಡದಲ್ಲಿ ಏನು ಬರೆದಿದ್ದಾರೆ ಎಲ್ಲವೂ ಬರಲಿ. ಮೂವತ್ತು ನಲವತ್ತು ಮಾತು ಸೇರಿದ ಮೇಲೆ ಎರಡು ಬಗೆಯವನ್ನು ಆರಿಸಿಕೊಳ್ಳಿ: ನಿಮ್ಮ ಸರಕಿನ ಮೇಲೆ ಪದೇ ಪದೇ ಬರುವ ಅನುಮಾನ, ಮತ್ತು ಬೇರೆ ಕಡೆ ಪಟ್ಟ ಪಾಡಿನ ದೂರು. ಹೊಗಳಿಕೆಯನ್ನು ಬದಿಗಿಡಿ. "ಚೆನ್ನಾಗಿದೆ" ಎನ್ನುವುದರಿಂದ ಸಾಲು ಹುಟ್ಟುವುದಿಲ್ಲ.

ಮಂಡ್ಯದ ಕಡೆ ಆಲೆಮನೆ ಇಟ್ಟುಕೊಂಡು, ಬೆಲ್ಲವನ್ನು ತಿಳಿಯಾಗಿಸುವ ಹೈಡ್ರೋಸ್ ಎಂಬ ರಾಸಾಯನಿಕವಾಗಲಿ ಬಣ್ಣವಾಗಲಿ ಹಾಕದೆ, ಬೆಂಡೆಗಿಡದ ಲೋಳೆಯಿಂದ ಕಬ್ಬಿನ ಹಾಲಿನ ಕೊಳೆ ತೆಗೆದು ಅಚ್ಚುಬೆಲ್ಲ ಮಾಡಿ, ತಾವೇ ಅಂಗಡಿ ತೆರೆದು ಮಾರುವವರೊಬ್ಬರು ಇದ್ದಾರೆ ಎಂದುಕೊಳ್ಳೋಣ. ಅವರ ಪುಸ್ತಕದಲ್ಲಿ ಸಿಗುವ ಮಾತುಗಳು ಹೀಗಿರುತ್ತವೆ: "ಯಾಕಣ್ಣ ಇಷ್ಟು ಕಪ್ಪಗದೆ?" "ಹಳೇ ಮಾಲಾ?" "ಅಲ್ಲಿ ಹೊಂಬಣ್ಣದ್ದು ಸಿಗುತ್ತಲ್ಲ." "ಪಾಯಸಕ್ಕೆ ಹಾಕಿದ್ರೆ ಹಾಲು ಒಡೆಯಲ್ವಾ?"

ಈಗ ಸಾಲು ಬರೆಯಲು ಕೂತರೆ ಮೊದಲು ಬರುವುದು "ಮಂಡ್ಯದ ಮಣ್ಣಿನ ಸಿಹಿ". ಕೇಳಲು ಹಿತ, ಆದರೆ ಸಕ್ಕರೆ ನಾಡಿನಲ್ಲಿ ಕಬ್ಬಿನ ಹಾಲು ಮಾರುವ ಗಾಡಿಯಿಂದ ಹಿಡಿದು ಬೇಕರಿಯವರೆಗೆ ಯಾರು ಬೇಕಾದರೂ ಬರೆದುಕೊಳ್ಳಬಹುದು. ಮುಂದಿನದು "ಆಲೆಮನೆಯಿಂದ ಅಡುಗೆಮನೆಗೆ". ಪ್ರಾಸ ತಾನಾಗಿಯೇ ಕೂಡಿದೆ, ಮಧ್ಯವರ್ತಿ ಇಲ್ಲ ಎಂಬುದನ್ನೂ ಹೇಳುತ್ತದೆ. ಆದರೆ ಇಷ್ಟು ಸುಲಭಕ್ಕೆ ಸಿಗುವ ಪ್ರಾಸ ಇನ್ನೊಬ್ಬರಿಗೂ ಸಿಕ್ಕಿರುತ್ತದೆ, ಮೇಲಾಗಿ ಗಿರಾಕಿ ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ. ಮೂರನೆಯದು "ಕಪ್ಪಗಿದ್ದರೇ ಬೆಲ್ಲ". ಇದಕ್ಕೆ ಗತ್ತಿದೆ, ನಿಂತು ಓದುವಂತೆ ಮಾಡುತ್ತದೆ. ತೊಂದರೆಯೆಂದರೆ ಇದು ನಿಜವಲ್ಲ. ಪಾಕ ಮೀರಿ ಸೀದರೂ ಬೆಲ್ಲ ಕಪ್ಪಾಗುತ್ತದೆ, ತೇವ ಕುಡಿದು ಹಳತಾದರೂ ಕಪ್ಪಾಗುತ್ತದೆ. ಕಬ್ಬಿನ ತಳಿ, ಮಣ್ಣು ಚೆನ್ನಾಗಿದ್ದರೆ ಯಾವ ಮದ್ದೂ ಇಲ್ಲದೆ ತಿಳಿಬಣ್ಣದ ಬೆಲ್ಲವೂ ಬರುತ್ತದೆ. ಬೆಲ್ಲ ಬಲ್ಲವರೊಬ್ಬರು ಕೌಂಟರಿನಲ್ಲೇ ಸಾಲನ್ನು ಕೆಡವುತ್ತಾರೆ.

ಹಾಗಾದರೆ ಗಿರಾಕಿಯ ಪ್ರಶ್ನೆಗೆ ಅಂಗಡಿಯವರು ದಿನಾ ಕೊಡುವ ಉತ್ತರ ಏನು? "ಬಣ್ಣ ಹಾಕಿಲ್ಲ ಕಣಮ್ಮ, ಅದಕ್ಕೇ ಕಪ್ಪಗದೆ." ಸಾಲು ಅಲ್ಲೇ ಇತ್ತು. ಒಂದೆರಡು ಪದ ಇಳಿಸಿದರೆ:

ಬಣ್ಣ ಹಾಕಿಲ್ಲ, ಅದಕ್ಕೇ ಕಪ್ಪು.

ಹೊಳೆಯುವ ಹೊಂಬಣ್ಣದ ಬೆಲ್ಲ ಮಾರುವವರು ಇದನ್ನು ಬರೆದುಕೊಳ್ಳಲಾರರು. ಕುಂದು ಎಂದು ಕಂಡದ್ದೇ ಇಲ್ಲಿ ಗುರುತಾಗಿದೆ. ಆದರೆ ಇಂಥ ಸಾಲಿಗೆ ಬೆಲೆ ತೆರಬೇಕಾಗುತ್ತದೆ. ಬಣ್ಣ ಹಾಕದೆ ಹೈಡ್ರೋಸ್ ಹಾಕಿದರೆ ಅಕ್ಷರಶಃ ಸುಳ್ಳಲ್ಲದಿದ್ದರೂ ಅದು ಮೋಸವೇ. ಸಂಕ್ರಾಂತಿಯ ಎಳ್ಳು–ಬೆಲ್ಲದ ಭರಾಟೆಯಲ್ಲಿ ಮಾಲು ಸಾಲದೆ ಬೇರೆ ಆಲೆಮನೆಯಿಂದ ತಂದು ತುಂಬಿಸಿದ ದಿನ ಸಾಲು ಸುಳ್ಳಾಗುತ್ತದೆ. ಹಾಗಾಗಿ ಬೋರ್ಡು ಬರೆಸುವ ಮೊದಲೇ ಲ್ಯಾಬ್ ವರದಿ ಮಾಡಿಸಿ ಅಂಗಡಿಯಲ್ಲಿ ತೂಗುಹಾಕಿ. ಮಾಲು ಮುಗಿದಾಗ "ಮುಗಿದಿದೆ" ಎನ್ನಲು ತಯಾರಿರಿ.

ಕಿವಿಗೆ ಹಿಡಿಸಬೇಕು

ನೆನಪಿನಲ್ಲಿ ಉಳಿಯುವ ಗುಣ ಅರ್ಥದಿಂದ ಅರ್ಧ ಬಂದರೆ ಇನ್ನರ್ಧ ಲಯದಿಂದ ಬರುತ್ತದೆ. ಹೈಸ್ಕೂಲಿನ ಛಂದಸ್ಸು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ, ಅನುಸ್ವಾರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. "ಬಣ್ಣ" ಮೂರು, "ಹಾಕಿಲ್ಲ" ಐದು. "ಅದಕ್ಕೇ" ಐದು, "ಕಪ್ಪು" ಮೂರು. ಎರಡೂ ಕಡೆ ಎಂಟೆಂಟು, ತಕ್ಕಡಿ ಸಮ. "ಗ್ರಾಹಕರ ಸಂತೃಪ್ತಿಯೇ ನಮ್ಮ ಗುರಿ" ಎಣಿಸಿದರೆ ಐದು, ಏಳು, ಮೂರು, ಎರಡು. ಎಲ್ಲೂ ತಾಳ ಕೂರುವುದಿಲ್ಲ, ಸಾಲು ಕೊನೆಗೆ ಹೋಗುವಷ್ಟರಲ್ಲಿ ಉಸಿರು ಕಟ್ಟಿ ಚಿಕ್ಕದಾಗುತ್ತದೆ. "ಕೈ ಕೆಸರಾದರೆ ಬಾಯಿ ಮೊಸರು" ಎಂಬ ಗಾದೆಯಲ್ಲಿ ಎಂಟು ಮತ್ತು ಆರು, ನಡುವೆ ಒಂದು ನಿಲುಗಡೆ, ಜೊತೆಗೆ ಕೆಸರು–ಮೊಸರಿನ ಪ್ರಾಸ. ಶಾಲೆಗೆ ಹೋಗದವರ ಬಾಯಲ್ಲೂ ಅದು ಒಂದಕ್ಷರ ಆಚೀಚೆ ಆಗದೆ ಉಳಿದಿರುವುದು ಸುಮ್ಮನೆ ಅಲ್ಲ.

ಒಟ್ಟು ಹದಿನಾರು ಹದಿನೆಂಟು ಮಾತ್ರೆ ದಾಟದಿರುವುದು ಒಳ್ಳೆಯದು. ಪದಗಳ ಲೆಕ್ಕದಲ್ಲಿ ಎರಡರಿಂದ ಐದು. ಕನ್ನಡದಲ್ಲಿ ಪ್ರತ್ಯಯಗಳು ಪದಕ್ಕೇ ಅಂಟಿಕೊಳ್ಳುವುದರಿಂದ ಮೂರೇ ಪದದ ಸಾಲೂ ಉದ್ದವಾಗಿಬಿಡಬಹುದು, ಆದ್ದರಿಂದ ಮಾತ್ರೆ ಎಣಿಸುವುದೇ ಹೆಚ್ಚು ನಂಬಿಕೆಯ ದಾರಿ.

ಲಯಕ್ಕೆ ಇನ್ನೊಂದು ಉದಾಹರಣೆ, ಒಬ್ಬ ಟೈಲರ್‌ಗೆ. ಟೈಲರ್ ಅಂಗಡಿಯ ಮೇಲೆ ಊರಿಗೆಲ್ಲ ಇರುವ ದೂರು ಒಂದೇ: ಹೇಳಿದ ದಿನ ಕೊಡುವುದಿಲ್ಲ. "ಹೇಳಿದ ದಿನ, ಹೊಲಿದ ಬಟ್ಟೆ" ಎಂಬ ಸಾಲಿಗೆ ಆರು–ಆರರ ಲಯವಿದೆ, ನೀಟಾಗಿದೆ. "ನಾಳೆ ಅಂದ್ರೆ ನಾಳೆ" ಎಂಬುದಕ್ಕೆ ಮೂರು, ಮೂರು, ಮೂರು. ಎರಡರಲ್ಲಿ ಎರಡನೆಯದೇ ಮೇಲು. ಮೊದಲನೆಯದನ್ನು ಯಾರೋ ಕೂತು ಕಟ್ಟಿದ್ದು ಎಂದು ಗೊತ್ತಾಗುತ್ತದೆ, ಎರಡನೆಯದು ಮನೆಯಲ್ಲಿ ಜನ ಆಡುವ ಮಾತು. ಬಾಗಿಲ ಮೇಲೆ "ನಾಳೆ ಬಾ" ಎಂದು ಬರೆದು ದೆವ್ವವನ್ನೇ ವಾಪಸ್ ಕಳಿಸಿದ ನಾಡು ನಮ್ಮದು. ಎರಡು ಪದದ ಸಾಲಿನ ಶಕ್ತಿಯನ್ನು ಬೇರೆ ಯಾರೂ ನಮಗೆ ಹೇಳಿಕೊಡಬೇಕಿಲ್ಲ.

ಆಡುಮಾತು ಎಲ್ಲ ಕಡೆ ನಡೆಯುವುದಿಲ್ಲ. "ಬನ್ನಿ, ಉಣ್ಣಿ, ಆಮೇಲ್ ಮಾತು" ಎಂದು ಮುದ್ದೆ ಮೆಸ್ ಬರೆದರೆ ಸೊಗಸು. ಚೀಟಿ ವ್ಯವಹಾರದವರೋ ನರ್ಸಿಂಗ್ ಹೋಮಿನವರೋ ಅದೇ ಧಾಟಿ ಹಿಡಿದರೆ ಜನ ಹಿಂದೆ ಸರಿಯುತ್ತಾರೆ. ಮಂಡ್ಯದ ಮಾತನ್ನು ಸಿನಿಮಾದ ಕಾಮಿಡಿಯಂತೆ ಎಳೆದು ಬರೆದರೆ ಮಂಡ್ಯದವರಿಗೇ ಬೇಸರ. ಇನ್ನು ಸಂಸ್ಕೃತದ ಸಾಲುಗಳು. ಮೈಸೂರು ವಿಶ್ವವಿದ್ಯಾನಿಲಯಕ್ಕೆ "ನ ಹಿ ಜ್ಞಾನೇನ ಸದೃಶಂ" ಒಪ್ಪುತ್ತದೆ, ಎಲ್‌ಐಸಿಗೆ "ಯೋಗಕ್ಷೇಮಂ ವಹಾಮ್ಯಹಂ" ಒಪ್ಪುತ್ತದೆ. ಟೈಲ್ಸ್ ಅಂಗಡಿಗೆ ಬೇಡ.

ಬಾಯಿಪಾಠದ ಪರೀಕ್ಷೆ, ಗೇಲಿಯ ಪರೀಕ್ಷೆ

ಸಾಲು ಚೆನ್ನಾಗಿದೆಯಾ ಎಂದು ಮನೆಯವರನ್ನು ಕೇಳಬೇಡಿ, ಎಲ್ಲರೂ ಚೆನ್ನಾಗಿದೆ ಅಂತಲೇ ಅನ್ನುತ್ತಾರೆ. ಹತ್ತು ಮಂದಿ ಗಿರಾಕಿಗಳಿಗೆ ಮಾತಿನ ನಡುವೆ ಒಂದೇ ಸಲ ಹೇಳಿ ಬಿಟ್ಟುಬಿಡಿ. ಮಾರನೆಯ ದಿನ ಅವರು ಸಿಕ್ಕಾಗ "ನಿನ್ನೆ ಒಂದು ಸಾಲು ಹೇಳಿದ್ದೆನಲ್ಲ, ಏನದು?" ಎಂದು ಕೇಳಿ. ಅರ್ಧಕ್ಕಿಂತ ಕಡಿಮೆ ಜನಕ್ಕೆ ನೆನಪಿದ್ದರೆ ಸಾಲು ಬಿಡಿ. ನೆನಪಿದ್ದೂ ಪದ ಬದಲಿಸಿ ಹೇಳಿದರೆ ಆ ಬದಲಾವಣೆಯನ್ನು ಬರೆದುಕೊಳ್ಳಿ. ನಾಲ್ಕು ಜನ ಒಂದೇ ರೀತಿ ಬದಲಿಸಿದ್ದರೆ ಅವರದೇ ಸರಿ, ನಿಮ್ಮದನ್ನು ತಿದ್ದಿ.

ಫೋನಿನಲ್ಲೂ ಒಮ್ಮೆ ಹೇಳಿ ನೋಡಿ. ಮಂಡ್ಯದ ಹಳ್ಳಿಗಳ ಕಡೆ ಮೈಕ್ ಕಟ್ಟಿದ ಆಟೊದಲ್ಲಿ ಪ್ರಚಾರ ಈಗಲೂ ನಡೆಯುತ್ತದೆ. ಆ ಸ್ಪೀಕರಿನಲ್ಲಿ ಸ, ಶ, ಹ ಕರಗಿಹೋಗುತ್ತವೆ. ಕ, ಪ, ಟ, ಣ್ಣ, ಪ್ಪ ಉಳಿಯುತ್ತವೆ. "ಸ್ವಚ್ಛ ಸುವಾಸಿತ ಸಂತಸ" ಎಂಬುದು ಬರೀ ಉಸ್ಸೆಂದು ಕೇಳಿಸುತ್ತದೆ.

ಗೇಲಿಯ ಪರೀಕ್ಷೆಯನ್ನು ಬಹಳ ಜನ ಮರೆಯುತ್ತಾರೆ. ಕೋಪ ಬಂದ ಗಿರಾಕಿ ನಿಮ್ಮ ಸಾಲನ್ನು ನಿಮಗೇ ಹೇಗೆ ತಿರುಗಿಸಿ ಹೇಳುತ್ತಾರೆ ಎಂದು ಊಹಿಸಿ. "ನಾಳೆ ಅಂದ್ರೆ ನಾಳೆ" ಬರೆಸಿದ ಟೈಲರ್ ಒಂದು ದಿನ ತಡ ಮಾಡಿದರೆ "ನಾಳೆ ಅಂದ್ರೆ ಯಾವತ್ತೂ ನಾಳೇನೇ" ಎಂದು ಬೀದಿಯೆಲ್ಲ ನಗುತ್ತದೆ. ಆ ಸಾಲು ಹಾಕುವವರು ವರಮಹಾಲಕ್ಷ್ಮಿ ಹಬ್ಬ, ದಸರಾದ ಮುಂಚೆ ದಿನಕ್ಕೆ ಎಷ್ಟು ಬ್ಲೌಸ್ ಹೊಲಿಯಬಲ್ಲರೋ ಲೆಕ್ಕ ಹಾಕಿ, ಅಷ್ಟಾದ ಮೇಲೆ ಬಟ್ಟೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಬೇಕು. ಅದು ಆಗದು ಎನ್ನುವವರಿಗೆ ಈ ಸಾಲು ಬೇಡ.

ಎಲ್ಲರೂ ಹೇಳುವ ಪದಕ್ಕೆ ಬೆಲೆಯಿಲ್ಲ ಎಂಬುದನ್ನು ಮದ್ದೂರಿನಲ್ಲಿ ನೋಡಬಹುದು. ವಡೆ ಮಾರುವ ಬೋರ್ಡುಗಳಲ್ಲೆಲ್ಲ "ಅಸಲಿ", "ಒರಿಜಿನಲ್". ಹತ್ತು ಅಸಲಿಗಳ ನಡುವೆ ಇನ್ನೊಂದು ಅಸಲಿಯನ್ನು ಯಾರೂ ಓದುವುದಿಲ್ಲ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಬೆಂಗಳೂರು–ಮೈಸೂರು ವಾಹನಗಳು ಊರೊಳಗೆ ಬರದೆ ಬೈಪಾಸಿನಲ್ಲೇ ಹೋಗುತ್ತವೆ. ಗಂಟೆಗೆ 100 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ, ಬೋರ್ಡು ಓದಲು ಸಿಗುವುದು ಮೂರು ನಾಲ್ಕು ಸೆಕೆಂಡು. ಅಲ್ಲಿ ಟ್ಯಾಗ್‌ಲೈನಿಗಿಂತ ಯಾವ ಎಕ್ಸಿಟ್‌ನಲ್ಲಿ ಇಳಿಯಬೇಕು ಎಂಬುದೇ ಮುಖ್ಯ.

ಕಾನೂನಿನ ಗಡಿ

ತಿನ್ನುವ ಸರಕಿನವರು ಹೆಚ್ಚು ಎಚ್ಚರದಿಂದಿರಬೇಕು. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳಲ್ಲಿ ಶುದ್ಧ, ತಾಜಾ, ನೈಸರ್ಗಿಕ, ಸಾಂಪ್ರದಾಯಿಕ, ಅಸಲಿ ಎಂಬ ಅರ್ಥದ ಪದಗಳನ್ನು ಬಳಸಲು ಷರತ್ತುಗಳಿವೆ. ಆಹಾರ ಪದಾರ್ಥ ಕಾಯಿಲೆ ವಾಸಿ ಮಾಡುತ್ತದೆ ಎನ್ನುವಂತಿಲ್ಲ, "ಶುಗರ್ ಇದ್ದವರಿಗೆ ರಾಮಬಾಣ" ಎಂಬಂಥ ಸಾಲು ಪ್ಯಾಕೆಟ್ಟಿನ ಮೇಲೆ ಬರಲೇಬಾರದು. ಪ್ಯಾಕೆಟ್ಟಿನ ಮೇಲೆ "ಸಾವಯವ" ಎನ್ನಲು ಪ್ರಮಾಣಪತ್ರ ಬೇಕು. ದಾರಿತಪ್ಪಿಸುವ ಜಾಹೀರಾತಿಗೆ ಆಹಾರ ಸುರಕ್ಷತಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿಯೂ ಮೊದಲ ಸಲಕ್ಕೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ಹಾಕಬಹುದು.

"ಮೈಸೂರು" ಎಂಬ ಪದದಲ್ಲೂ ಒಂದು ತೊಡಕಿದೆ. ಮೈಸೂರು ರೇಷ್ಮೆ, ಮೈಸೂರು ಅಗರಬತ್ತಿ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಇವಕ್ಕೆಲ್ಲ ಭೌಗೋಳಿಕ ಗುರುತು, ಅಂದರೆ ಜಿಐ ನೋಂದಣಿ ಇದೆ. ಬೇರೆಲ್ಲೋ ನೇಯ್ದ ಸೀರೆಗೆ "ಅಪ್ಪಟ ಮೈಸೂರು ಸಿಲ್ಕ್" ಎಂಬ ಸಾಲು ಹಾಕಿದರೆ ಅದು ಅಲಂಕಾರದ ಮಾತಾಗಿ ಉಳಿಯದೆ ಕೋರ್ಟಿಗೆ ಹೋಗುವ ಮಾತಾಗಬಹುದು. "ಮೈಸೂರಿನಲ್ಲಿ ನಮ್ಮ ಅಂಗಡಿ" ಎನ್ನುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಸಾಲನ್ನು ಟ್ರೇಡ್‌ಮಾರ್ಕ್ ಮಾಡಿಸಬಹುದು. ಅರ್ಜಿ ಟಿಎಂ–ಎ ನಮೂನೆಯಲ್ಲಿ. ಆನ್‌ಲೈನಿನಲ್ಲಿ ಸಲ್ಲಿಸಿದರೆ ವ್ಯಕ್ತಿಗಳಿಗೆ, ಸಣ್ಣ ಉದ್ಯಮಗಳಿಗೆ ಒಂದು ವರ್ಗಕ್ಕೆ 4,500 ರೂಪಾಯಿ, ಉಳಿದವರಿಗೆ 9,000. ಒಟ್ಟು 45 ವರ್ಗಗಳಿವೆ: ಬೆಲ್ಲ, ಕಾಫಿ, ಸಿಹಿತಿಂಡಿ 30ರಲ್ಲಿ, ಹೋಟೆಲ್ ಸೇವೆ 43ರಲ್ಲಿ. ಕನ್ನಡದ ಸಾಲಾದರೆ ಅದರ ಉಚ್ಚಾರಣೆಯನ್ನೂ ಅರ್ಥವನ್ನೂ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆದುಕೊಡಬೇಕು. ನೋಂದಣಿ ಹತ್ತು ವರ್ಷಕ್ಕೆ, ಆಮೇಲೆ ನವೀಕರಣ. ಸರಕಿನ ಗುಣವನ್ನಷ್ಟೇ ಹೇಳುವ ಸಾಲಿಗೆ ಆಕ್ಷೇಪಣೆ ಬರುವುದು ಸಾಮಾನ್ಯ, ನಮ್ಮ ಬೆಲ್ಲದ ಸಾಲಿಗೂ ಬರಬಹುದು. ಹೆಸರು ಮತ್ತು ಸಾಲು ಸೇರಿಸಿದ ಲೋಗೊಗೆ ಅರ್ಜಿ ಹಾಕುವುದು ಸ್ವಲ್ಪ ಸುಲಭ. ನೋಂದಣಿ ಸಿಗುವ ಮುಂಚೆಯೇ ವೃತ್ತದೊಳಗಿನ ಆರ್ ಚಿಹ್ನೆ ಹಾಕಿಕೊಳ್ಳುವುದು ಅಪರಾಧ. ಟಿಎಂ ಎಂದು ಹಾಕಿಕೊಳ್ಳಬಹುದು.

ಬೋರ್ಡಿಗೆ ಏರುವಾಗ

ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ ಬಂದ 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಟ್ಯಾಗ್‌ಲೈನ್ ಇಂಗ್ಲಿಷಿನಲ್ಲಿದ್ದರೆ ಅದು ಉಳಿದ ಶೇ. 40ರೊಳಗೆ ಹೆಸರಿನ ಜೊತೆ ಜಾಗಕ್ಕೆ ಜಗಳವಾಡಬೇಕಾಗುತ್ತದೆ. ಕನ್ನಡದಲ್ಲೇ ಬರೆದರೆ ಆ ತಾಪತ್ರಯವೇ ಇಲ್ಲ.

ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಎಂಬುದು ಬೋರ್ಡು ಬರೆಯುವವರ ಸಾಮಾನ್ಯ ಲೆಕ್ಕ. ರಸ್ತೆಯ ಆಚೆಯಿಂದ, ಅಂದರೆ 50 ಅಡಿಯಿಂದ ಓದಬೇಕಾದರೆ ಐದು ಇಂಚು. ಕನ್ನಡಕ್ಕೆ ಇಲ್ಲೊಂದು ವಿಶೇಷ: ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. "ಉತ್ಕೃಷ್ಟ", "ಶ್ರೇಷ್ಠ" ಎಂಬಂಥ ಪದಗಳಿದ್ದರೆ ಒಂದರ ಪಕ್ಕ ಇನ್ನೊಂದು ಒತ್ತು ಕೆಳಗಿಳಿದು, ಅದಕ್ಕೆ ಜಾಗ ಬಿಡಲು ಡಿಸೈನರ್ ಅಷ್ಟೂ ಅಕ್ಷರಗಳನ್ನು ಕುಗ್ಗಿಸುತ್ತಾರೆ. ಸರಳ ಪದದ ಸಾಲು ಅದೇ ಬೋರ್ಡಿನಲ್ಲಿ ಎದ್ದು ಕಾಣುತ್ತದೆ.

ಪ್ರಿಂಟಿಂಗ್ ಅಂಗಡಿಗೆ ವಾಟ್ಸಾಪಿನಲ್ಲಿ ಸಾಲು ಕಳಿಸಿದರೆ ಕೆಡುವುದೇ ಜಾಸ್ತಿ. ಅದು ಯೂನಿಕೋಡ್ ಪಠ್ಯ; ಹಳೆಯ ಸಾಫ್ಟ್‌ವೇರಿನಲ್ಲಿ ನುಡಿ ತಂತ್ರಾಂಶದ ಹಳೇ ಫಾಂಟ್ ಹಾಕಿ ಅಂಟಿಸಿದರೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ, ಅರ್ಕಾವತ್ತು ಜಾಗ ತಪ್ಪುತ್ತದೆ. ಅಲ್ಲೇ ಕೂತು ಮತ್ತೆ ಟೈಪ್ ಮಾಡಿದರೆ "ಶುದ್ಧ" ಹೋಗಿ "ಶುದ್ದ" ಬರುತ್ತದೆ, ಹಾಲು ಆಲಾಗುತ್ತದೆ. ಅಕ್ಷರಗಳನ್ನು ಕರ್ವ್ಸ್ ಮಾಡಿದ, ಅಂದರೆ ಫಾಂಟ್ ಬೇಡದಂತೆ ರೇಖಾಚಿತ್ರವಾಗಿಸಿದ, ಪಿಡಿಎಫ್ ಕೊಡಿ, ಫ್ಲೆಕ್ಸ್ ಹಾಕುವ ಮುಂಚೆ ಪ್ರೂಫ್ ತರಿಸಿಕೊಂಡು ಅಕ್ಷರ ಅಕ್ಷರವಾಗಿ, ಬೇಕಾದರೆ ಹಿಂದಿನಿಂದ ಮುಂದಕ್ಕೆ ಓದಿ. ಬಿಲ್ಲಿನ ಮೇಲೂ ಸಾಲು ಬೇಕಿದ್ದರೆ 58 ಮಿ.ಮೀ. ರೋಲಿನ ಚಿಕ್ಕ ಪ್ರಿಂಟರ್‌ಗಳಲ್ಲಿ ಕನ್ನಡ ಚೌಕ ಚೌಕವಾಗಿ ಬರುವುದುಂಟು. ಅಂಥ ಕಡೆ ಸಾಲನ್ನು ಕಪ್ಪು–ಬಿಳುಪು ಚಿತ್ರ ಮಾಡಿ ಲೋಗೊ ಜಾಗಕ್ಕೆ ಹಾಕಿಸಿದರೆ ಸರಿಯಾಗುತ್ತದೆ.